ಎಲ್ಲೋ ಯುದ್ಧ, ಎಲ್ಲೋ ಬರ, ಬಿಲ್ಲು ಮಾತ್ರ ಬೆಂಗಳೂರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೇ ಹೇಳಿಬಿಡುತ್ತೇನೆ, ನಾನು ಅರ್ಥಶಾಸ್ತ್ರ ಓದಿದವನಲ್ಲ. ರಾಜಾಜಿನಗರ, ಬಸವೇಶ್ವರನಗರ, ಪೀಣ್ಯದ ಕಡೆ ಸಣ್ಣ ಹೋಟೆಲು, ಬೇಕರಿ, ಒಂದೆರಡು ಗಾರ್ಮೆಂಟ್ಸ್ ಯೂನಿಟ್ಟುಗಳ ಲೆಕ್ಕ ಬರೆಯುವವನು. ಇಪ್ಪತ್ತು ವರ್ಷ ದಾಟಿತು. ಟೀವಿಯಲ್ಲಿ ಬರುವ ದೊಡ್ಡ ಸುದ್ದಿ ವಾರಕ್ಕೋ, ತಿಂಗಳಿಗೋ, ಕೆಲವು ಸಲ ಎರಡು ವರ್ಷಕ್ಕೋ ನನ್ನ ಟೇಬಲ್ ಮೇಲಿನ ಬಿಲ್ಲುಗಳಲ್ಲಿ ಬಂದು ಕೂರುತ್ತದೆ. ಅದು ಹೇಗೆ ಬರುತ್ತದೆ ಅಂತ ಜನ ಕೇಳುತ್ತಲೇ ಇರುತ್ತಾರೆ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಬಿಡುವುದಿಲ್ಲ. ಒಂದೇ ಕಡೆ ಬರೆದಿಟ್ಟರೆ ನನಗೂ ಸುಲಭ.

ಉಕ್ರೇನಿನಲ್ಲಿ ಬಾಂಬ್ ಬಿದ್ದರೆ ನಮ್ಮ ಮಸಾಲೆ ದೋಸೆ ಯಾಕೆ ದುಬಾರಿ ಆಗಬೇಕು?

ಎಣ್ಣೆಯಿಂದ. ನಮ್ಮ ದೇಶ ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಸೂರ್ಯಕಾಂತಿ ಎಣ್ಣೆಯಂತೂ ಆಗ ಬಹುಪಾಲು ಉಕ್ರೇನಿನಿಂದಲೇ ಬರುತ್ತಿತ್ತು. 2022ರ ಫೆಬ್ರವರಿ 24ಕ್ಕೆ ರಷ್ಯಾ ದಾಳಿ ಮಾಡಿತು, ಕಪ್ಪು ಸಮುದ್ರದ ಬಂದರುಗಳು ಮುಚ್ಚಿದವು, ಎಣ್ಣೆ ಹಡಗುಗಳು ಹೊರಡಲಿಲ್ಲ. ಸರಿ, ಸೂರ್ಯಕಾಂತಿ ಸಿಗದಿದ್ದರೆ ಪಾಮ್ ಎಣ್ಣೆ ಅಂತ ಎಲ್ಲರೂ ಆ ಕಡೆ ತಿರುಗಿದರು. ಅದರ ಬೆಲೆಯೂ ಏರಿತು. ಪಾಮ್ ಎಣ್ಣೆಯಲ್ಲಿ ಜಗತ್ತಿಗೇ ದೊಡ್ಡವರು ಇಂಡೋನೇಷ್ಯಾದವರು. ಅಲ್ಲಿಯ ಜನಕ್ಕೇ ಅಡುಗೆ ಎಣ್ಣೆ ಎಟುಕದೆ ಗಲಾಟೆ ಶುರುವಾದಾಗ ಆ ಸರ್ಕಾರ ಏಪ್ರಿಲ್ 28ರಿಂದ ರಫ್ತನ್ನೇ ನಿಲ್ಲಿಸಿತು. ಮೇ 23ಕ್ಕೆ ಮತ್ತೆ ಬಿಟ್ಟಿತು. ಆದರೆ ಆ ಮೂರೂವರೆ ವಾರದಲ್ಲಿ ನಮ್ಮ ಹೋಟೆಲಿನವರಿಗೆ ಎಣ್ಣೆ ಡಬ್ಬ ಉದ್ರಿಗೆ ಕೊಡುವವರೇ ಇರಲಿಲ್ಲ, ದುಡ್ಡು ಎಣಿಸಿದರೆ ಮಾತ್ರ ಡಬ್ಬ.

ಇದರಲ್ಲಿ ನನಗೆ ಬೇಜಾರಾಗುವ ವಿಷಯ ಬೇರೆ ಇದೆ. ಸೂರ್ಯಕಾಂತಿ ಬೆಳೆಯುವುದರಲ್ಲಿ ಕರ್ನಾಟಕವೇ ದೇಶಕ್ಕೆ ಮುಂದಿತ್ತು. ಬಳ್ಳಾರಿ, ಕೊಪ್ಪಳ, ರಾಯಚೂರು, ಚಿತ್ರದುರ್ಗದ ಹೊಲಗಳು ಹಳದಿ ಹಳದಿಯಾಗಿ ಇರುತ್ತಿದ್ದವು. ಹೊರಗಿನ ಎಣ್ಣೆ ಅಗ್ಗಕ್ಕೆ ಬರಲು ಶುರುವಾದ ಮೇಲೆ ರೈತರು ಮೆಕ್ಕೆಜೋಳಕ್ಕೆ, ಹತ್ತಿಗೆ ಹೋದರು. ಅಗ್ಗದ ಎಣ್ಣೆ ತಿಂದ ವರ್ಷಗಳ ಬಿಲ್ಲು ಯುದ್ಧದ ವರ್ಷ ಬಂತು, ಅಷ್ಟೆ.

ಬಿಲ್ಲು ಕೈಯಿಂದ ಕೈಗೆ ದಾಟುತ್ತದೆ. ಆಮದು ಮಾಡುವವನು ಮಂಡಿಯವನಿಗೆ, ಮಂಡಿಯವನು ಹೋಟೆಲಿನವರಿಗೆ, ಹೋಟೆಲಿನವರು ನಿಮಗೆ. ಯಾರಿಗೆ ಮುಂದೆ ದಾಟಿಸಲು ಆಗುವುದಿಲ್ಲವೋ ಅದು ಅವರ ಹತ್ತಿರವೇ ಉಳಿಯುತ್ತದೆ. ಫುಟ್‌ಪಾತ್ ಮೇಲೆ ಬೋಂಡಾ ಕರಿಯುವ ಅಜ್ಜಿ ಆ ವರ್ಷ ರೇಟ್ ಏರಿಸಲಿಲ್ಲ. ಬೋಂಡಾ ಚಿಕ್ಕದಾಯಿತು.

ಕಾಫಿ ನಮ್ಮ ಚಿಕ್ಕಮಗಳೂರಲ್ಲೇ ಬೆಳೆಯುತ್ತದಲ್ವಾ? ಬ್ರೆಜಿಲ್‌ನಲ್ಲಿ ಬರ ಬಂದರೆ ನಮಗೇನು?

ಇದನ್ನು ಕೇಳದವರೇ ಇಲ್ಲ. ಚಿಕ್ಕಮಗಳೂರು, ಕೊಡಗು, ಹಾಸನ ಸೇರಿ ದೇಶದ ಕಾಫಿಯಲ್ಲಿ ಸುಮಾರು 70% ಕರ್ನಾಟಕದ್ದೇ. ಆದರೆ ದೇಶದ ಬೆಳೆಯಲ್ಲಿ ಹೆಚ್ಚಿನ ಪಾಲು ಹಡಗು ಹತ್ತುತ್ತದೆ. ಕಾಫಿಯಲ್ಲಿ ಅರೇಬಿಕಾ, ರೊಬಸ್ಟಾ ಅಂತ ಎರಡು ಜಾತಿ; ಬೆಳೆಗಾರರು ಬೆಳಿಗ್ಗೆ ಎದ್ದು ನೋಡುವುದು ನ್ಯೂಯಾರ್ಕ್ ಅರೇಬಿಕಾ ರೇಟು, ಲಂಡನ್ ರೊಬಸ್ಟಾ ರೇಟು. ಅಲ್ಲಿ ಎಷ್ಟೋ ಇಲ್ಲಿ 50 ಕೆಜಿ ಮೂಟೆಗೆ ಅದಕ್ಕೆ ತಕ್ಕ ಹಾಗೆ. ಬೆಂಗಳೂರಿನವರು ಅಕ್ಕಪಕ್ಕದವರು ಅಂತ ಯಾವ ಬೆಳೆಗಾರನೂ ಕಡಿಮೆಗೆ ಕೊಡುವುದಿಲ್ಲ, ಕೊಡಲೂಬಾರದು.

2024ರಲ್ಲಿ ವಿಯೆಟ್ನಾಂನಲ್ಲಿ ಬರ, ಬ್ರೆಜಿಲ್‌ನಲ್ಲೂ ಬರ. ರೊಬಸ್ಟಾಗೆ ವಿಯೆಟ್ನಾಂ ದೊಡ್ಡಣ್ಣ, ಅರೇಬಿಕಾಗೆ ಬ್ರೆಜಿಲ್. ಇಬ್ಬರಿಗೂ ಒಟ್ಟಿಗೆ ಪೆಟ್ಟು ಬಿತ್ತು. ಲಂಡನ್‌ನಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು, 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಬೆಂಗಳೂರಿನ ಹೋಟೆಲುಗಳಲ್ಲಿ ಕಾಫಿ ರೇಟ್ ಏರಿದ್ದು ಆಗಲೇ. ಇದರ ಮೇಲೆ ಹಾಲಿನ ರೇಟೂ 2025ರ ಏಪ್ರಿಲ್‌ನಿಂದ ಲೀಟರಿಗೆ 4 ರೂಪಾಯಿ ಏರಿತು. ಮುಂಚೆ ಬೈ-ಟು ಕೇಳುತ್ತಿದ್ದವರು ಸ್ನೇಹಕ್ಕೆ ಕೇಳುತ್ತಿದ್ದರು, ಈಗ ಸುಮ್ನೆ ದುಡ್ಡಿಗೇ ಕೇಳುತ್ತಾರೆ ಅಂತ ಒಬ್ಬ ಮಾಲೀಕರು ನಕ್ಕರು. ಪುಡಿಯಲ್ಲಿ ಚಿಕೋರಿ ಎಷ್ಟು ಏರಿತು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಂದ ಹಾಗೆ ಇದು ಹೊಸ ಕಥೆ ಅಲ್ಲ. 1975ರ ಜುಲೈನಲ್ಲಿ ಬ್ರೆಜಿಲ್‌ನಲ್ಲಿ ಒಂದು ಹಿಮ ಬಿದ್ದು ತೋಟಗಳೇ ಸುಟ್ಟುಹೋದವು, 1977ರ ಹೊತ್ತಿಗೆ ಜಗತ್ತಿನ ಕಾಫಿ ಬೆಲೆ ಆಕಾಶಕ್ಕೆ ಹೋಗಿತ್ತು. ಆದರೆ ಆಗ ನಮ್ಮ ಬೆಳೆಗಾರ ತನ್ನ ಕಾಫಿಯನ್ನು ಕಾಫಿ ಬೋರ್ಡಿಗೇ ಕೊಡಬೇಕಿತ್ತು, ಬೆಲೆ ಅಲ್ಲಿಂದ ಹಂಚಿಕೆಯಾಗಿ ಬರುತ್ತಿತ್ತು. ಆ ಪದ್ಧತಿ 1990ರ ದಶಕದಲ್ಲಿ ಹೋಯಿತು. ಅದು ಹೋದ ಮೇಲೆ ಏರಿದರೆ ಏರಿದ್ದು ನೇರ ಬೆಳೆಗಾರನಿಗೆ, ಬಿದ್ದರೆ ಬಿದ್ದದ್ದೂ ನೇರ ಅವನ ತಲೆ ಮೇಲೆ.

ಕಚ್ಚಾ ತೈಲ ಇಳಿದರೂ ಪೆಟ್ರೋಲ್ ಯಾಕೆ ಇಳಿಯುವುದಿಲ್ಲ?

ಮಧ್ಯದಲ್ಲಿ ತೆರಿಗೆ ಇದೆ. 2020ರ ಏಪ್ರಿಲ್ 20ರಂದು ಅಮೆರಿಕದಲ್ಲಿ ಕಚ್ಚಾ ತೈಲದ ವಾಯಿದೆ ಬೆಲೆ (ಮುಂದೆ ಬರುವ ಮಾಲಿಗೆ ಈಗಲೇ ಕಟ್ಟುವ ಬೆಲೆ) ಸೊನ್ನೆಗಿಂತ ಕೆಳಗೆ ಹೋಗಿ ಮೈನಸ್ 37 ಡಾಲರ್ ಆಯಿತು. ತೈಲ ತಗೊಂಡು ಹೋಗಿ, ಜೊತೆಗೆ ದುಡ್ಡೂ ಕೊಡುತ್ತೇವೆ ಅನ್ನುವ ಹಾಗೆ. ನಮ್ಮ ಬಂಕಿನಲ್ಲಿ ಏನಾಯಿತು? ಕೇಂದ್ರ ಸರ್ಕಾರ ಮಾರ್ಚ್‌ನಲ್ಲಿ 3 ರೂಪಾಯಿ, ಮೇ ತಿಂಗಳಲ್ಲಿ ಪೆಟ್ರೋಲ್ ಮೇಲೆ ಮತ್ತೆ 10, ಡೀಸೆಲ್ ಮೇಲೆ 13 ರೂಪಾಯಿ ಸುಂಕ ಏರಿಸಿತು. ಇಳಿದದ್ದು ನಮ್ಮ ಜೇಬಿಗೆ ಬರುವ ಮುಂಚೆ ಖಜಾನೆಗೆ ಹೋಯಿತು. ಲಾಕ್‌ಡೌನಿನಲ್ಲಿ ಖಜಾನೆ ಖಾಲಿ ಇತ್ತು, ಅದೂ ನಿಜ. ಆಮೇಲೆ 2021ರ ನವೆಂಬರ್, 2022ರ ಮೇ ತಿಂಗಳಲ್ಲಿ ಒಂದಷ್ಟು ಇಳಿಸಿದರು.

ರಾಜ್ಯದವರೇನು ಸಾಚಾ ಅಲ್ಲ. 2024ರ ಮಾರ್ಚ್‌ನಲ್ಲಿ ಲೋಕಸಭೆ ಚುನಾವಣೆ ಘೋಷಣೆ ಆಗುವ ಒಂದೆರಡು ದಿನ ಮುಂಚೆ ಕೇಂದ್ರದ ಕಡೆಯಿಂದ 2 ರೂಪಾಯಿ ಇಳಿಯಿತು. ಜೂನ್ 4ಕ್ಕೆ ಫಲಿತಾಂಶ ಬಂತು, ಜೂನ್ 15ಕ್ಕೆ ನಮ್ಮ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿ ಪೆಟ್ರೋಲಿಗೆ 3 ರೂಪಾಯಿ ಸೇರಿಸಿತು. ಪೆಟ್ರೋಲ್ ರೇಟ್ ತಿಳಿಯಬೇಕಾದರೆ ಕೊಲ್ಲಿ ದೇಶಗಳ ನಕ್ಷೆಯ ಪಕ್ಕ ಚುನಾವಣೆಯ ಕ್ಯಾಲೆಂಡರನ್ನೂ ಇಟ್ಟುಕೊಳ್ಳಬೇಕು.

ಒಂದು ದಿನ ಬಂದ್ ಆದರೆ ಸಾವಿರಾರು ಕೋಟಿ ನಷ್ಟ ಅಂತಾರೆ. ನಿಜವೇ?

ಆ ಅಂಕಿ ಕೇಳಿದಾಗಲೆಲ್ಲ ನನಗೆ ಅನುಮಾನ. ದಿನದ ಒಟ್ಟು ವಹಿವಾಟನ್ನೇ ನಷ್ಟ ಅಂತ ಹೇಳಿಬಿಡುತ್ತಾರೆ. 2023ರಲ್ಲಿ ಕಾವೇರಿ ವಿಷಯಕ್ಕೆ ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಚಿಕ್ಕಪೇಟೆಯಲ್ಲಿ ಆ ದಿನ ಸೀರೆ ಕೊಳ್ಳದವರು ಭಾನುವಾರ ಕೊಂಡರು. ಐಟಿಯವರು ಮನೆಯಲ್ಲೇ ಕೂತು ಕೆಲಸ ಮಾಡಿದರು. ಅದು ಮುಂದಕ್ಕೆ ಹೋದ ವ್ಯಾಪಾರ, ನಷ್ಟ ಅಲ್ಲ.

ನಿಜವಾದ ನಷ್ಟ ಹಿಂದಿನ ರಾತ್ರಿಯೇ ರುಬ್ಬಿಟ್ಟ ಹಿಟ್ಟಿನದು. ಕೆ.ಆರ್. ಮಾರ್ಕೆಟ್ಟಿಗೆ ಬಂದು ಬಾಡಿದ ಸೇವಂತಿಗೆಯದು. ಬಾಡಿಗೆ ಆಟೋ ಓಡಿಸುವವನು ಆಟೋ ಹೊರಗೆ ತೆಗೆಯದಿದ್ದರೂ ಎಷ್ಟೋ ಕಡೆ ಮಾಲೀಕನಿಗೆ ದಿನದ ಬಾಡಿಗೆ ಕಟ್ಟಬೇಕು. ಇವರ ಒಂದು ದಿನ ಹೋದರೆ ಹೋಯಿತು, ವಾಪಸ್ ಬರುವುದಿಲ್ಲ. ಟೀವಿಯ ಸಾವಿರ ಕೋಟಿಯಲ್ಲಿ ಇವರ ಲೆಕ್ಕ ಇರುವುದೇ ಅನುಮಾನ.

ಹಿಂಸೆ ಸೇರಿದರೆ ಮಾತ್ರ ಲೆಕ್ಕ ಬೇರೆ. 2016ರ ಸೆಪ್ಟೆಂಬರ್ 12ರಂದು ತಮಿಳುನಾಡು ನೋಂದಣಿಯ ಬಸ್ಸುಗಳು ಡಿಪೋದಲ್ಲೇ ಸುಟ್ಟುಹೋದವು, ಹಲವು ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಂತು. ಹೊಸೂರು ಗಡಿಯಲ್ಲಿ ಲಾರಿ ನಿಂತರೆ ಚೆನ್ನೈ ಬಂದರಿಗೆ ಹೋಗಬೇಕಾದ ಮಾಲು ಇಲ್ಲೇ ನಿಲ್ಲುತ್ತದೆ, ಹಡಗು ತಪ್ಪುತ್ತದೆ. ಹಡಗು ತಪ್ಪಿದರೆ ಮಾಲು ಕೊಳ್ಳುವವನು ವಿಮಾನದಲ್ಲಿ ಕಳಿಸು ಅನ್ನುತ್ತಾನೆ, ಆ ಖರ್ಚಿನಲ್ಲಿ ಇಡೀ ಆರ್ಡರಿನ ಲಾಭ ಹೋಗುತ್ತದೆ.

ನೀರಿಲ್ಲದ ಆ ಬೇಸಿಗೆಯಲ್ಲಿ ಯಾರು ಎಷ್ಟು ಕೊಟ್ಟರು?

2023ರ ಮುಂಗಾರು ಕೈಕೊಟ್ಟಿತು, ರಾಜ್ಯದ 236 ತಾಲ್ಲೂಕುಗಳಲ್ಲಿ 223ಕ್ಕೆ ಬರ ಅಂತ ಘೋಷಣೆ ಆಯಿತು. ಅದರ ಬಿಸಿ ನಗರಕ್ಕೆ ತಟ್ಟಿದ್ದು 2024ರ ಮಾರ್ಚ್‌ನಲ್ಲಿ. ನಗರದ 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಸರ್ಕಾರವೇ ಹೇಳಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತಲೂ ಬಂತು.

ಕಾವೇರಿ ನೀರಿನ ಪೈಪ್ ಇದ್ದ ಹಳೇ ಬಡಾವಣೆಯವರಿಗೆ ದೊಡ್ಡ ವ್ಯತ್ಯಾಸ ಆಗಲಿಲ್ಲ. ಬೋರ್‌ವೆಲ್ಲೇ ಗತಿ ಆಗಿದ್ದ ಹೊರವಲಯದವರು ಟ್ಯಾಂಕರಿಗೆ ಕ್ಯೂ ನಿಂತರು. ಸರ್ಕಾರ ರೇಟ್ ಕಟ್ಟಿತು: 5 ಕಿ.ಮೀ. ಒಳಗೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ. ಕಾಗದದ ಮೇಲೆ ಚೆನ್ನಾಗಿತ್ತು. ನಮ್ಮ ಹೋಟೆಲಿನವರೊಬ್ಬರು ಅದರ ಎರಡು ಪಟ್ಟಿಗಿಂತ ಜಾಸ್ತಿ ಕೊಟ್ಟರು, ಬಿಲ್ ಇಲ್ಲದೆ. ಬಿಲ್ ಇಲ್ಲದ ನೀರನ್ನು ಪುಸ್ತಕದಲ್ಲಿ ಯಾವ ತಲೆಬರಹದ ಕೆಳಗೆ ಬರೆಯಲಿ ಅಂತ ನಾನು ತಲೆ ಕೆರೆದುಕೊಂಡೆ. ಅವರು ಸ್ಟೀಲ್ ತಟ್ಟೆ ಬಿಟ್ಟು ಅಡಿಕೆ ಹಾಳೆ ತಟ್ಟೆ ತಂದರು. ತೊಳೆಯುವ ನೀರು ಉಳಿಯಿತು, ತೊಳೆಯುವ ಇಬ್ಬರು ಹೆಂಗಸರಲ್ಲಿ ಒಬ್ಬರಿಗೆ ಎರಡು ತಿಂಗಳು ಕೆಲಸ ಹೋಯಿತು. ಬರದ ಬಿಲ್ಲು ಹೀಗೂ ದಾಟುತ್ತದೆ.

2024ರ ಅಕ್ಟೋಬರ್‌ನಲ್ಲಿ ನಗರಕ್ಕೆ ಕಾವೇರಿ ನೀರು ತರುವ ಯೋಜನೆಯ ಐದನೇ ಹಂತ ಶುರುವಾಯಿತು, ದಿನಕ್ಕೆ 775 ದಶಲಕ್ಷ ಲೀಟರ್, ಮುಖ್ಯವಾಗಿ ಹೊರವಲಯದ 110 ಹಳ್ಳಿಗಳಿಗೆ. ಅಷ್ಟು ನೀರನ್ನು ಸುಮಾರು 100 ಕಿ.ಮೀ. ದೂರದಿಂದ, ಅದೂ ಕೆಳಗಿನಿಂದ ಮೇಲಕ್ಕೆ ಪಂಪ್ ಮಾಡಬೇಕು, ಕರೆಂಟ್ ಖರ್ಚು ಸಣ್ಣದಲ್ಲ. 2025ರ ಏಪ್ರಿಲ್‌ನಲ್ಲಿ ನೀರಿನ ದರವೂ ಏರಿತು, 2014ರ ನಂತರ ಮೊದಲ ಸಲ. ಹನ್ನೊಂದು ವರ್ಷ ಏರಿಸದೇ ಇದ್ದದ್ದೂ ರಾಜಕೀಯವೇ ಅಲ್ವಾ?

ಮಳೆ ಜಾಸ್ತಿ ಆದಾಗ?

2022ರ ಆಗಸ್ಟ್ 30ರ ಮಳೆಗೆ ಹೊರವರ್ತುಲ ರಸ್ತೆ ಮುಳುಗಿತು. ಆ ಒಂದು ದಿನಕ್ಕೇ 225 ಕೋಟಿ ನಷ್ಟ ಅಂತ ಅಲ್ಲಿನ ಕಂಪನಿಗಳ ಸಂಘ ಸರ್ಕಾರಕ್ಕೆ ಪತ್ರ ಬರೆಯಿತು. ಸೆಪ್ಟೆಂಬರ್ ಮೊದಲ ವಾರ ಇನ್ನೂ ಜೋರು, ಸಾಫ್ಟ್‌ವೇರ್‌ನವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ಫೋಟೊ ಎಲ್ಲರೂ ನೋಡಿದ್ದೀರಿ. ಮುಳುಗಿದ ಕಾರುಗಳಿಗೆ ಇನ್ಶೂರೆನ್ಸ್ ಇತ್ತು. ಶೆಡ್ಡುಗಳಲ್ಲಿ ಇದ್ದ ಕಟ್ಟಡ ಕಾರ್ಮಿಕರ ಅಕ್ಕಿ, ಪಾತ್ರೆ, ಆಧಾರ್ ಕಾರ್ಡಿಗೆ ಇರಲಿಲ್ಲ.

ಟೊಮೆಟೊ ಕೆಜಿಗೆ ನೂರು ದಾಟಿದಾಗ ರೈತ ಶ್ರೀಮಂತ ಆದನಾ?

ಆಗ ಫಸಲು ಕೈಲಿದ್ದ ಕೆಲವರು ಆದರು, ನಿಜವಾಗಿ ಆದರು, ಅದರಲ್ಲಿ ಹೊಟ್ಟೆ ಉರಿದುಕೊಳ್ಳುವುದು ಏನೂ ಇಲ್ಲ. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆಜಿಯ ಒಂದು ಬಾಕ್ಸ್ 2,000 ರೂಪಾಯಿ ದಾಟಿತ್ತು. ಆ ತಿಂಗಳ ಚಿಲ್ಲರೆ ಹಣದುಬ್ಬರ ದೇಶಕ್ಕೆ 7.44% ಆಯಿತು, ಅದರಲ್ಲಿ ಟೊಮೆಟೊದ ಕೈವಾಡ ದೊಡ್ಡದು. ಆದರೆ ಅದಕ್ಕೆ ಕೆಲವೇ ತಿಂಗಳ ಮುಂಚೆ ಬೆಲೆ ನೆಲ ಕಚ್ಚಿದ್ದರಿಂದ ಹಲವರು ನಾಟಿಯನ್ನೇ ಮಾಡಿರಲಿಲ್ಲ. ನಾಟಿ ಮಾಡಿದವರಿಗೆ ಎಲೆ ಮುದುಡು ರೋಗ ಬಂತು. ಮಾಲು ಕಡಿಮೆ ಇದ್ದದ್ದಕ್ಕೇ ಅಲ್ವಾ ಬೆಲೆ ಏರಿದ್ದು? ಆ ಬೆಲೆ ನೋಡಿ ಎಲ್ಲರೂ ಹಾಕಿದರು, ಸೆಪ್ಟೆಂಬರ್ ಹೊತ್ತಿಗೆ ಮತ್ತೆ ಬಿತ್ತು.

ಈರುಳ್ಳಿಯದು ಇನ್ನೂ ವಿಚಿತ್ರ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ಗುಲಾಬಿ ಈರುಳ್ಳಿಯನ್ನು ನಾವು ತಿನ್ನುವುದೇ ಕಡಿಮೆ, ಅದು ಹೋಗುವುದು ಮಲೇಷ್ಯಾ, ಸಿಂಗಪುರಕ್ಕೆ. 2023ರ ಆಗಸ್ಟ್‌ನಲ್ಲಿ ನಮಗೆ ಈರುಳ್ಳಿ ಅಗ್ಗಕ್ಕೆ ಸಿಗಲಿ ಅಂತ ಕೇಂದ್ರ 40% ರಫ್ತು ಸುಂಕ ಹಾಕಿದಾಗ ಇದಕ್ಕೂ ಹಾಕಿತು. ಸೆಪ್ಟೆಂಬರ್ ಕೊನೆಗೆ ವಿನಾಯಿತಿ ಕೊಟ್ಟಿತು, ತೋಟಗಾರಿಕೆ ಆಯುಕ್ತರ ಸರ್ಟಿಫಿಕೇಟ್ ತಂದರೆ. ಈರುಳ್ಳಿ ಮಾರಲು ಸರ್ಟಿಫಿಕೇಟ್!

ಉಚಿತ ಬಸ್ಸಿನಿಂದ ರಾಜ್ಯ ದಿವಾಳಿ ಆಗುತ್ತದಾ?

"ಬಿಟ್ಟಿ" ಅನ್ನುವ ಮಾತು ಕೇಳಿದರೆ ನನಗೆ ರೇಗುತ್ತದೆ, ಆದ್ದರಿಂದ ನನ್ನದು ನಡುವಿನ ಉತ್ತರ ಅಲ್ಲ ಅಂತ ತಿಳಿದೇ ಓದಿ. ಹೆಂಗಸರಿಗೆ ಸರ್ಕಾರಿ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ಕ್ಕೆ. ಸುಂಕದಕಟ್ಟೆಯಿಂದ ಬರುವ ಒಬ್ಬ ಪಾತ್ರೆ ತೊಳೆಯುವಾಕೆ ಮುಂಚೆ ಮನೆ ಹತ್ತಿರವೇ ಕಡಿಮೆ ಸಂಬಳಕ್ಕೆ ದುಡಿಯುತ್ತಿದ್ದರು. ಬಸ್ ಉಚಿತ ಆದ ಮೇಲೆ ನಾಲ್ಕು ಸ್ಟಾಪ್ ಆಚೆ ಜಾಸ್ತಿ ಸಂಬಳ ಕೊಡುವ ಹೋಟೆಲಿಗೆ ಬಂದರು. ಹಳೆಯ ಮಾಲೀಕರು ಸಂಬಳ ಏರಿಸಬೇಕಾಯಿತು, ಇಲ್ಲದಿದ್ದರೆ ಜನ ಸಿಗುವುದಿಲ್ಲ. ಇದು ಯಾವ ಬಜೆಟ್ ಪುಸ್ತಕದಲ್ಲೂ ಬರುವುದಿಲ್ಲ.

ಖರ್ಚಂತೂ ಇದೆ. ಐದು ಗ್ಯಾರಂಟಿಗಳಿಗೆ 2024-25ರ ಬಜೆಟ್ಟಿನಲ್ಲಿ ಸುಮಾರು 52,000 ಕೋಟಿ ಇಟ್ಟರು. ಆಟೋದವರು, ಖಾಸಗಿ ಬಸ್ಸಿನವರು ಗಿರಾಕಿ ಕಳೆದುಕೊಂಡೆವು ಅಂತ 2023ರ ಸೆಪ್ಟೆಂಬರ್ 11ಕ್ಕೆ ಬಂದ್ ಮಾಡಿದರು, ಅವರ ಸಿಟ್ಟಿನಲ್ಲಿ ಸುಳ್ಳಿಲ್ಲ. 2025ರ ಜನವರಿ 5ರಿಂದ ಬಸ್ ಟಿಕೆಟ್ 15% ಏರಿತು, ಅದನ್ನು ಕೊಡುವವರು ಗಂಡಸರು. ನನ್ನ ಹೆಂಡತಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ.

ಅಮೆರಿಕ ಸುಂಕ ಹಾಕಿದರೆ ಬೊಮ್ಮನಹಳ್ಳಿಯ ಟೈಲರಿಗೆ ಏನಾಗುತ್ತದೆ?

ಇಲ್ಲಿ ಮತ್ತೆ ದೋಸೆಯ ಕಥೆಗೆ ಬರಬೇಕು. ಅದೇ ಯುದ್ಧ. ಯುರೋಪಿನವರು ರಷ್ಯಾದ ತೈಲ ಬಿಟ್ಟರು, ರಷ್ಯಾ ಅದನ್ನು ರಿಯಾಯಿತಿಗೆ ಮಾರಿತು, ನಾವು ಕೊಂಡೆವು. ನಮ್ಮ ದೇಶ ಬಳಸುವ ಕಚ್ಚಾ ತೈಲದಲ್ಲಿ 85%ಕ್ಕಿಂತ ಜಾಸ್ತಿ ಹೊರಗಿನದ್ದೇ, ಅಗ್ಗಕ್ಕೆ ಸಿಕ್ಕಿದರೆ ಯಾರು ಬಿಡುತ್ತಾರೆ? ಅದಕ್ಕೆ ಸಿಟ್ಟಾಗಿ ಅಮೆರಿಕ 2025ರಲ್ಲಿ ನಮ್ಮ ಮಾಲಿನ ಮೇಲೆ ಮೊದಲಿದ್ದ 25% ಜೊತೆ ಇನ್ನೊಂದು 25% ಸೇರಿಸಿತು, ಆಗಸ್ಟ್ 27ಕ್ಕೆ ಒಟ್ಟು 50% ಆಯಿತು. ಅಗ್ಗದ ತೈಲದ ಲಾಭ ಒಬ್ಬರಿಗೆ, ಅದರ ಬಿಲ್ಲು ಬಂದದ್ದು ಅಂಗಿ ಹೊಲಿಯುವವರಿಗೆ.

ಬಿಲ್ಲು ಬಂದ ದಾರಿ ಹೀಗೆ. ಅಮೆರಿಕದ ಖರೀದಿದಾರ ದೊಡ್ಡ ಫ್ಯಾಕ್ಟರಿಗೆ ಡಿಸ್ಕೌಂಟ್ ಕೊಡು ಅಂದ. ಫ್ಯಾಕ್ಟರಿ ಹೊರಗೆ ಕೊಡುತ್ತಿದ್ದ ಜಾಬ್ ವರ್ಕ್ ನಿಲ್ಲಿಸಿತು. ನಾನು ಲೆಕ್ಕ ಬರೆಯುವ ನಲವತ್ತು ಮಿಷಿನ್ನಿನ ಯೂನಿಟ್ಟಿನಲ್ಲಿ ಮೊದಲು ಹೋದದ್ದು ಓವರ್‌ಟೈಮ್. ಆಮೇಲೆ ಶನಿವಾರ. ಆಮೇಲೆ ಬಟವಾಡೆ ದಿನ ಹತ್ತು ಹೆಸರು ಕಡಿಮೆ ಇತ್ತು. ಆ ಹತ್ತು ಜನಕ್ಕೆ ಮುಂದೆ ದಾಟಿಸಲು ಯಾರೂ ಇರಲಿಲ್ಲ. ದಾಟಿಸಿದರು ಅಂದರೂ ತಪ್ಪಲ್ಲ, ಮಗಳ ಟ್ಯೂಷನ್ ನಿಲ್ಲಿಸಿದರು.

ಇದೇ ಹೆಂಗಸರು ಸುಮ್ನೆ ಇರುವವರು ಅಂತ ಮಾತ್ರ ತಿಳಿಯಬೇಡಿ. 2016ರಲ್ಲಿ ಪಿಎಫ್‌ನ ಮಾಲೀಕರ ಪಾಲನ್ನು 58 ವರ್ಷದ ತನಕ ತೆಗೆಯುವ ಹಾಗಿಲ್ಲ ಅಂತ ಕೇಂದ್ರ ನಿಯಮ ತಂದಾಗ ಏಪ್ರಿಲ್ 18, 19ರಂದು ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬಂದ್ ಮಾಡಿದರು. ಯಾವ ಲೀಡರೂ ಕರೆದಿರಲಿಲ್ಲ. ಆ ದುಡ್ಡು ಅವರಿಗೆ ಮುಪ್ಪಿನ ಪಿಂಚಣಿ ಅಲ್ಲ, ಸಾಲ ತೀರಿಸುವ, ಮದುವೆ ಮಾಡುವ ದುಡ್ಡು. 19ರ ಸಂಜೆಗೆ ನಿಯಮ ವಾಪಸ್ ಆಯಿತು. ಇಡೀ ದೇಶದ ಪಿಎಫ್ ನಿಯಮ ಬೊಮ್ಮನಹಳ್ಳಿ, ಪೀಣ್ಯದ ರಸ್ತೆಯಲ್ಲಿ ಬದಲಾಯಿತು.

ನೋಟು ರದ್ದು, ಲಾಕ್‌ಡೌನ್, ಎರಡರಲ್ಲಿ ಯಾವುದರ ಪೆಟ್ಟು ಜಾಸ್ತಿ?

ನನ್ನ ಪುಸ್ತಕಗಳ ಪ್ರಕಾರ ಲಾಕ್‌ಡೌನ್. 2016ರ ನವೆಂಬರ್ 8ರ ರಾತ್ರಿ ಚಲಾವಣೆಯ ಮೌಲ್ಯದಲ್ಲಿ 86% ನೋಟು ರದ್ದಾಯಿತು, ಎರಡು ತಿಂಗಳು ಚಿಲ್ಲರೆಗೆ ಒದ್ದಾಟ. ಆದರೆ ಹಸಿವು ಇತ್ತು, ಗಿರಾಕಿ ಇದ್ದರು. ನಂಬಿಕಸ್ತರಿಗೆ ಉದ್ರಿ ಬರೆದುಕೊಂಡು ದಾಟಿಸಿದೆವು. 2020ರಲ್ಲಿ ಗಿರಾಕಿಯೇ ಇಲ್ಲ. ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಉತ್ಪನ್ನವೇ ಸುಮಾರು 24% ಕುಸಿಯಿತು. ಮೇ ತಿಂಗಳಲ್ಲಿ ಬಿಲ್ಡರುಗಳ ಜೊತೆ ಸಭೆ ಆದ ಬೆನ್ನಿಗೇ ರಾಜ್ಯ ಸರ್ಕಾರ ವಲಸೆ ಕಾರ್ಮಿಕರ ರೈಲು ರದ್ದು ಮಾಡಿ, ಎಲ್ಲ ಕಡೆಯಿಂದ ಬೈಸಿಕೊಂಡು ಮತ್ತೆ ಬಿಟ್ಟಿತು. ಕೈಗಳು ಹೋದರೆ ಕಟ್ಟಡ ನಿಲ್ಲುತ್ತದೆ ಅಂತ ಆಗ ಎಲ್ಲರಿಗೂ ಗೊತ್ತಾಯಿತು. ಕುಂದಾಪುರದ ಕಡೆಗೆ ಹೋದ ನಮ್ಮ ಎಷ್ಟೋ ಭಟ್ಟರು ವಾಪಸ್ ಬರಲೇ ಇಲ್ಲ. ಈಗ ಅದೇ ಹೋಟೆಲಿನಲ್ಲಿ ದೋಸೆ ಹುಯ್ಯುವವನು ಅಸ್ಸಾಮಿನ ಹುಡುಗ, ಚಟ್ನಿ ಮಾತ್ರ ಮಾಲೀಕರೇ ನೋಡಿಕೊಳ್ಳುತ್ತಾರೆ.

ನನ್ನ ಇಎಂಐಗೂ ಯುದ್ಧಕ್ಕೂ ಸಂಬಂಧ ಇದೆಯಾ?

ಇದೆ. ಬೆಲೆ ಏರಿತು ಅಂತ ರಿಸರ್ವ್ ಬ್ಯಾಂಕ್ 2022ರ ಮೇ ತಿಂಗಳಿಂದ 2023ರ ಫೆಬ್ರವರಿ ಒಳಗೆ ರೆಪೊ ದರವನ್ನು (ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) 4%ರಿಂದ 6.5%ಕ್ಕೆ ತಂದಿತು. 50 ಲಕ್ಷ, 20 ವರ್ಷದ ಸಾಲ ಅಂದುಕೊಳ್ಳಿ. 6.75% ಬಡ್ಡಿಗೆ ಕಂತು ಸುಮಾರು 38,000. 9.25% ಆದರೆ ಸುಮಾರು 45,800. ಬಹಳ ಬ್ಯಾಂಕುಗಳು ಕಂತು ಏರಿಸುವ ಬದಲು ವರ್ಷ ಏರಿಸಿದವು, ಅದಕ್ಕೇ ಹಲವರಿಗೆ ಗೊತ್ತೇ ಆಗಲಿಲ್ಲ. ನಿಮ್ಮ ಸ್ಟೇಟ್‌ಮೆಂಟಿನಲ್ಲಿ ಉಳಿದ ಕಂತು ಎಷ್ಟು ಅಂತ ಒಂದು ಸಲ ನೋಡಿ. ಕೂತುಕೊಂಡು ನೋಡಿ.

ಹಾಗಾದರೆ ಚಿನ್ನ ಕೊಳ್ಳಲಾ?

ಅದು ನನ್ನ ಕೇಳಬೇಡಿ. ಜಗತ್ತಿಗೆ ಹೆದರಿಕೆ ಆದಾಗ ಚಿನ್ನ ಏರುತ್ತದೆ, 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಲಕ್ಷ ಮುಟ್ಟಿತು, ಅಷ್ಟು ಮಾತ್ರ ಹೇಳಬಲ್ಲೆ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತಿಗೆ ನುಗ್ಗಿ ತೈಲ ದುಬಾರಿಯಾದಾಗ ನಮ್ಮ ದೇಶದ ಹತ್ತಿರ ಡಾಲರ್ ಮುಗಿಯುತ್ತಾ ಬಂತು, 1991ರಲ್ಲಿ ಸುಮಾರು 47 ಟನ್ ಚಿನ್ನ ಹೊರದೇಶಕ್ಕೆ ಒತ್ತೆ ಹೋಯಿತು. ಆ ಕಷ್ಟದಲ್ಲೇ ನಮ್ಮ ದೇಶ ಹೊರಗಿನ ವ್ಯಾಪಾರಕ್ಕೆ ಬಾಗಿಲು ತೆರೆದದ್ದು, ಆ ಬಾಗಿಲಿನಿಂದಲೇ ಎಲೆಕ್ಟ್ರಾನಿಕ್ ಸಿಟಿ ಇಷ್ಟು ಬೆಳೆದದ್ದು. ಕುವೈತಿನ ಯುದ್ಧಕ್ಕೂ ನಿಮ್ಮ ಭಾವನ ಸಾಫ್ಟ್‌ವೇರ್ ಕೆಲಸಕ್ಕೂ ನಂಟಿದೆ ಅಂದರೆ ಅವರು ನಂಬುವುದಿಲ್ಲ.

ಬೆಲೆ ಇಳಿದಾಗ ಹೋಟೆಲಿನವರು ಬೋರ್ಡಿನ ಮೇಲೆ ಯಾಕೆ ಇಳಿಸುವುದಿಲ್ಲ?

ಈ ಪ್ರಶ್ನೆ ನಾನೇ ಒಬ್ಬ ಮಾಲೀಕರಿಗೆ ಕೇಳಿದೆ. 2025ರ ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿದು ನಂದಿನಿ ತುಪ್ಪ ಲೀಟರಿಗೆ 650 ಇದ್ದದ್ದು 610 ಆಯಿತು. ತುಪ್ಪದ ದೋಸೆಗೆ ಎರಡು ರೂಪಾಯಿಯಾದರೂ ಇಳಿಸಿ, ಹೆಸರು ಬರುತ್ತದೆ ಅಂದೆ. "ಸ್ವಲ್ಪ ತಡೀರಿ ಮಾರಾಯ್ರೇ, ಸ್ಟಿಕ್ಕರ್ ಹುಡುಗ ಊರಿಗೆ ಹೋಗಿದ್ದಾನೆ" ಅಂದರು. ನವೆಂಬರ್ ಮೊದಲ ವಾರ ತುಪ್ಪ 700 ಆಯಿತು. ಆ ದಿನ ಹುಡುಗ ಊರಿಂದ ಬಂದಿದ್ದ.